ಬಾಯಿ ತುಂಬ ಐಸು

ಶೈಲಜಾ ಥರ್ಮಾಸಿನ ಮುಚ್ಚಳ ತಿರುವಿದಳು. ಒಳಗಿಂದ ಬುಸ್ಸೆಂದು ಹಬೆ ಎದ್ದು ಅವಳ ಕನ್ನಡಕವೆಲ್ಲ ಮಸುಕಾಯಿತು.

"ಆಯಿ, ಐಸ್ ಹೊಗಿ ಬಿಡಾಕ ಹತ್ತೇತಿ."

ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದ ಅಜ್ಜಿ ಸುಂದರವ್ವ ಕಿಸಕ್ಕನೆ ನಕ್ಕಳು. ಶುಂಠಿಯ ವಾಸನೆ ಘಮ್ಮೆಂದು ಬಂತು. ಶೈಲಜಾ ಮೆಲ್ಲಗೆ ಸಣ್ಣಾಯಿಯ ಕಡೆ ತಿರುಗಿದಳು.

ಸಣ್ಣಾಯಿ ಎಂದರೆ ಆಯಿಯ ತಂಗಿ ಸೋಮವ್ವ. ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿದ ದಿನವೇ ಉಗರಗೋಳದಿಂದ ಗಂಟು ಕಟ್ಟಿಕೊಂಡು ಸಂಪಗಾಂವದ ಅಕ್ಕನ ಮನೆಗೆ ಬಂದಿದ್ದಳು. ಈಗ ಕಿಟಕಿಯಾಚೆಯ ಕಾಗೆಯೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಸಣ್ಣಾಯಿ, ನನ್ನ ಐಸ್ ಎಲ್ಲಿ?"

"ಚೆಲ್ಲೇನಿ. ಜಡ್ಡಾದಾಕಿಗೆ ಯಾರರ ಥಂಡಿ ಕೊಡ್ತಾರೇನು? ಶುಂಠಿ ನೀರು ಹಾಕೇನಿ."

ಶೈಲಜಾಗೆ ಅಳುವೇ ಬಂತು. ನೀರು ಕುದಿಸಿ, ಆರಿಸಿ, ಎರಡು ಟ್ರೇ ಐಸ್ ಮಾಡಿದ್ದಳು. ಹೋದ ಸಲ ಇಂಜೆಕ್ಷನ್ ಆದ ಮೇಲೆ ಆಯಿಯ ಬಾಯಿ ತುಂಬ ಹುಣ್ಣು. ಎಂಟು ದಿನ ಗಂಜಿಯೂ ಇಳಿಯಲಿಲ್ಲ, ಮಾತೂ ಇಲ್ಲ. ಆಯಿ ಮಾತಾಡದ ಮನೆ ಟಿವಿ ಕೆಟ್ಟ ಮನೆಯ ಹಾಗಿತ್ತು. ಈ ಸಲ ಇಂಜೆಕ್ಷನ್ನಿಗೆ ಐದು ನಿಮಿಷ ಮೊದಲಿನಿಂದ ಅರ್ಧ ತಾಸು ಬಾಯಲ್ಲಿ ಐಸ್ ಇರಲಿ ಎಂದು ಸಪ್ನಾ ಸಿಸ್ಟರ್ ಹೇಳಿ ಕಳಿಸಿದ್ದರು.

ಸಿಸ್ಟರ್ ಬಂದರು, ಥರ್ಮಾಸ್ ನೋಡಿದರು. ಇಂಥ ವಿಚಿತ್ರ ಯಾರು ಹೇಳಿದ್ದು ಎಂದು ಸಣ್ಣಾಯಿ ಅವರನ್ನೇ ಕೇಳಿಬಿಟ್ಟಳು.

"ಯಾರೋ ಒಬ್ರು ಹೇಳಿದ್ದಲ್ರಿ, ಅಮ್ಮಾರ. ಭಾಳ ಮಂದಿಗೆ ಐಸ್ ಕೊಟ್ಟು, ಇನ್ನಷ್ಟು ಮಂದಿಗೆ ಕೊಡದ ಬಿಟ್ಟು, ಯಾರಿಗೆ ಎಷ್ಟು ಹುಣ್ಣಾತು ಅಂತ ನೋಡ್ಯಾರ. ಐಸ್ ತಿಂದವರಿಗೆ ಕಡಿಮಿ. ಆಮ್ಯಾಲೆ ಬರದು ಇಟ್ಟಾರ."

ಎಲ್ಲ ಔಷಧಕ್ಕೂ ಹೀಗಲ್ಲ, ಕೆಲವಕ್ಕೆ ಥಂಡಿ ಒಗ್ಗುವುದೇ ಇಲ್ಲ, ಈ ಇಂಜೆಕ್ಷನ್ನಿಗೆ ಮಾತ್ರ ಬೇಕು ಎಂದೂ ಹೇಳಿದರು.

"ಮಂದಿ ಬಾಯಾಗಿನ ಹುಣ್ಣು ಎಣಿಸ್ಕೋತ ಕುಂತಿದ್ರ?"

"ಹೂಂನ್ರಿ."

ಸಣ್ಣಾಯಿಯ ಮುಖ ಸಣ್ಣದಾಯಿತು. ಇಂಜೆಕ್ಷನ್ ಕೊಡಲು ಕಾಲು ತಾಸು ಕಾಯುತ್ತೇನೆ, ಆದರೆ ಐಸು ಸ್ವಚ್ಛ ನೀರಿನದಿರಬೇಕು ಎಂದರು ಸಿಸ್ಟರ್.

ಶೈಲಜಾ ಓಡಿದಳು. ಕ್ಯಾಂಟೀನಿನ ಗಂಗಯ್ಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ನೀರಿನ ಬಾಟಲಿಯೊಂದನ್ನು ಇಟ್ಟು ಮರೆತಿದ್ದ. ಕಲ್ಲಾಗಿದೆ, ಯಾರೂ ಒಯ್ಯುವುದಿಲ್ಲ, ನೀನೇ ಒಯ್ಯು ಎಂದ. ಸೀಲು ಒಡೆದಿರಲಿಲ್ಲ. ಆದರೆ ಆ ಕಲ್ಲನ್ನು ಒಡೆಯುವುದು ಹೇಗೆ?

ಹಿಂದೆಯೇ ಬಂದಿದ್ದ ಸಣ್ಣಾಯಿ ಬಾಟಲಿ ಕಸಿದುಕೊಂಡು, ಸೆರಗು ಸಿಕ್ಕಿಸಿ, ಆಸ್ಪತ್ರೆಯ ಮೆಟ್ಟಿಲಿಗೆ ಹೋದಳು. ಹಳ್ಳದ ಕಲ್ಲಿನ ಮೇಲೆ ಕೌದಿ ಒಗೆದಂತೆ ಧಪ್, ಧಪ್ ಎಂದು ಬಡಿದಳು. ಮೂರನೆಯ ಏಟಿಗೆ ಬಾಟಲಿ ಕೈಜಾರಿ ಮೆಟ್ಟಿಲು ಮೆಟ್ಟಿಲಾಗಿ ಕುಪ್ಪಳಿಸುತ್ತ ಹೊರಟಿತು. ಅದರ ಹಿಂದೆ ಶೈಲಜಾ, ಅವಳ ಹಿಂದೆ ಸಣ್ಣಾಯಿ. ಕೆಳಗಿದ್ದ ವಾಚಮನ್ ಕಾಲಡ್ಡ ಇಟ್ಟು ತಡೆದ. ಅವನಿಗೂ ಆಸೆಯಾಗಿ ತಾನೂ ಎರಡು ಏಟು ಬಡಿದೇ ಕೊಟ್ಟ.

ಸಿಸ್ಟರ್ ಬಾಟಲಿ ಒರೆಸಿ, ಕತ್ತರಿಯಿಂದ ಸೀಳಿ, ಚೂರುಗಳನ್ನು ಬಟ್ಟಲಿಗೆ ಸುರಿದರು.

ಆಯಿಯ ಕೆನ್ನೆ ಲಾಡು ತುಂಬಿಕೊಂಡಂತೆ ಉಬ್ಬಿತು. ಅಕ್ಕನಿಗೆ ಮಾತಾಡಲು ಬರುವುದಿಲ್ಲ ಎಂದು ತಿಳಿದದ್ದೇ ತಡ, ಸಣ್ಣಾಯಿ ಐವತ್ತು ವರ್ಷದ ತಕರಾರುಗಳನ್ನೆಲ್ಲ ತೆಗೆದಳು. ತನ್ನ ಬಳೆ ಒಡೆದದ್ದು ಯಾರು, ತನ್ನ ಮದುವೆಯಲ್ಲಿ ಏಳು ಹೋಳಿಗೆ ತಿಂದದ್ದು ಯಾರು. ಆಯಿ "ಊಂ, ಊಂ" ಎಂದು ಕೈಯಾಡಿಸಿ ಐದು ಬೆರಳು ತೋರಿಸಿದಳು. ಉತ್ತರ ಕೊಡಲು ಬಾಯಿ ತೆರೆದರೆ ಇನ್ನೊಂದು ಚೂರು ಒಳಗೆ. ಪಕ್ಕದ ಮಂಚದವರು ನಕ್ಕು ನಕ್ಕು ಕೆಮ್ಮಿದರು. ಇಂಜೆಕ್ಷನ್ ಹೋದದ್ದು ಆಯಿಗೆ ಗೊತ್ತೇ ಆಗಲಿಲ್ಲ.

ಆಗ ಶೈಲಜಾ ಸಣ್ಣಾಯಿಯ ಬೆರಳು ನೋಡಿದಳು. ಕೆಂಪಗೆ ಮರಗಟ್ಟಿದ್ದವು. ಒಂದು ಕೈಯನ್ನು ಕಂಕುಳಲ್ಲಿ ಬಿಸಿ ಮಾಡಿಕೊಳ್ಳುತ್ತ ಇನ್ನೊಂದರಿಂದ ಚೂರು ಕೊಡುತ್ತಿದ್ದಳು. ತಾನು ಕೊಡುತ್ತೇನೆಂದು ಶೈಲಜಾ ಅಂದರೂ ಮಡಿಲಲ್ಲಿದ್ದ ಬಟ್ಟಲು ಬಿಡಲಿಲ್ಲ.

ರಿಪೋರ್ಟ್ ತರಲು ಹೋಗಿದ್ದ ಅಪ್ಪ ಬಂದು, ಐಸು ಸಾಕಾಯಿತೇ ಎಂದು ಕೇಳಿದ.

ಸಣ್ಣಾಯಿಯ ಕೈ ಅಲ್ಲೇ ನಿಂತಿತು.

"ಭಾಳ ಆತು, ಅಪ್ಪಾ," ಎಂದಳು ಶೈಲಜಾ. "ಸಣ್ಣಾಯಿನೇ ಒಡದು ಒಡದು ಕೊಟ್ಲು."

ಹಾಗೆಂದು, ಕಂಕುಳಲ್ಲಿದ್ದ ಆ ಕೈಯನ್ನು ಎಳೆದುಕೊಂಡು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು.