ಏಳನೇ ನಂಬರಿನ ತೇಲುಬಳೆ

ಮಾರ್ಚ್ 12, ಮಂಗಳವಾರ ಬೆಳಿಗ್ಗೆ ಘೋಘಾ ಬಂದರಿನ ಪೊಲೀಸ್ ಠಾಣೆಗೆ ದೂರು ಬಂತು. ಭಾವನಗರ–ಸೂರತ್ ನಡುವಿನ ಫೆರಿಯಲ್ಲಿ, ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆಗಳಲ್ಲಿ ಏಳನೇ ನಂಬರಿನದು ಕಳುವಾಗಿತ್ತು. ಬಳೆಗಳ ಹೊಣೆ ಖಲಾಸಿ ಹಾರೂನ್‌ನದು. ಕಳ್ಳ ಸಿಗದಿದ್ದರೆ ಕೆಲಸದಿಂದ ವಜಾ ಎಂದು ಕಂಪನಿ ಅವನಿಗೆ ಹೇಳಿತ್ತು.

ಎಫ್‌ಐಆರ್ ದಾಖಲಿಸಿಕೊಂಡ ಪಿಎಸ್‌ಐ ನಯನಾಬಾ ಸರವೈಯಾ, ಕಾನ್‌ಸ್ಟೆಬಲ್ ರಘಾಭಾಯಿಯೊಂದಿಗೆ ಹಡಗು ಹತ್ತಿದರು. ಸ್ಥಳ ಪಂಚನಾಮೆ ನಡೆಯಿತು. ಹಗ್ಗ ಕತ್ತರಿಸಿರಲಿಲ್ಲ, ಗಂಟು ಬಿಚ್ಚಿತ್ತು. ಕೆಳಗೆ ಕುಂಕುಮ, ನಾಲ್ಕು ಅಕ್ಕಿಕಾಳು.

"ಪೂಜೆ ಮುಗಿಸಿಕೊಂಡೇ ಕದ್ದಿದ್ದಾನೆ, ಮೇಡಂ. ಮರ್ಯಾದಸ್ಥ ಕಳ್ಳ," ಎಂದ ರಘಾಭಾಯಿ.

ನಯನಾಬಾ ಹಾರೂನ್‌ನನ್ನು ಕರೆದರು.

"ಇಷ್ಟು ಬಳೆಗಳಲ್ಲಿ ಏಳನೇ ನಂಬರೇ ಯಾಕೆ?"

"ಗೊತ್ತಿಲ್ಲ."

"ಯಾರ ಮೇಲಾದರೂ ಅನುಮಾನ?"

"ಇಲ್ಲ."

"ಕೆಲಸ ಹೋಗತ್ತೆ, ಹಾರೂನ್‌ಭಾಯಿ."

"ಹೋದರೆ ಹೋಗಲಿ. ಸಮುದ್ರ ಎಲ್ಲಿಗೂ ಹೋಗಲ್ಲವಲ್ಲ."

ಈತನಿಗೆ ಗೊತ್ತಿದೆ ಎಂದು ನಯನಾಬಾಗೆ ಅನಿಸಿತು. ಕ್ಯಾಂಟೀನಿನ ಜೀವಣ ಚಹಾ ಸುರಿಯುತ್ತಾ ಉಳಿದದ್ದನ್ನು ಹೇಳಿದ.

"ಕಳೆದ ಶ್ರಾವಣದಲ್ಲಿ ವಜ್ರ ಪಾಲಿಶ್ ಮಾಡೋ ಅರಜಣ ಅನ್ನೋನು ಇಲ್ಲಿಂದ ಬಿದ್ದ. ಆ ಬಳೆ ಎಸೆದು ಎಳೆದವನು ಹಾರೂನ್. ಅರಜಣನ ಹೆಂಡತಿ ಮುಕ್ತಾಬೆನ್ ಈಗಲೂ ಹಡಗು ಹತ್ತಿದರೆ ಆ ಬಳೆಗೆ ಕೈಮುಗಿದೇ ಕೂರೋದು. ನಿನ್ನೆ ಸೂರತ್‌ಗೆ ಹೋದಳು, ಇಷ್ಟು ದೊಡ್ಡ ಕೌದಿ ಗಂಟು ಹೊತ್ತುಕೊಂಡು. ಈ ಸೆಖೆಯಲ್ಲಿ ಕೌದಿ ಯಾರಿಗೆ ಅಂತ ನಾನೂ ನಕ್ಕೆ."

ಮಧ್ಯಾಹ್ನದ ಫೆರಿಯಲ್ಲೇ ಇಬ್ಬರೂ ಸೂರತ್‌ಗೆ ಹೊರಟರು. ಸಂಜೆ, ಅಲ್ಲಿನ ವರಾಛಾ ಬಡಾವಣೆಯಲ್ಲಿ ಅರಜಣನ ಒಂದು ಕೋಣೆಯ ಮನೆ. ದೇವರ ಗೂಡಿನ ಪಕ್ಕದಲ್ಲಿ ಕಿತ್ತಳೆ ಬಣ್ಣದ ಬಳೆ, ಅದಕ್ಕೆ ಚೆಂಡುಹೂವಿನ ಹಾರ. ಅರಜಣ ತಲೆ ತಗ್ಗಿಸಿ ನಿಂತ. ಮುಕ್ತಾಬೆನ್ ಏನನ್ನೂ ಮುಚ್ಚಿಡಲಿಲ್ಲ, ಅಳಲೂ ಇಲ್ಲ.

"ಕೇಳಿ ತಗೊಳ್ಳಬಾರದಿತ್ತೇ?" ಎಂದರು ನಯನಾಬಾ.

"ಕಂಪನಿಯವರನ್ನ ಕೇಳಿದೆ. ಹೊಸದು ಬರತ್ತೆ, ಇದು ಗುಜರಿಗೆ ಅಂದರು. ಕೊಡಕ್ಕಾಗಲ್ಲ ಅಂತಲೂ ಅಂದರು. ನನ್ನ ಗಂಡನ್ನ ತಂದುಕೊಟ್ಟಿದ್ದನ್ನ ಗುಜರಿಗೆ ಹೇಗೆ ಬಿಡಲಿ?"

"ನಿನ್ನೆ ರಾತ್ರಿ ಅಲ್ಲಿಂದ ಇನ್ನೊಬ್ಬಳ ಗಂಡ ಬಿದ್ದಿದ್ದರೆ?"

ಆಕೆ ಬಾಗಿ ಹಾರದ ಹೂವೊಂದನ್ನು ಸರಿಪಡಿಸಿದಳು.

"ಹಾರೂನ್‌ನ ಕೆಲಸ ಹೋಗೋದರಲ್ಲಿದೆ."

ಮುಕ್ತಾಬೆನ್ ತಟ್ಟನೆ ತಲೆಯೆತ್ತಿದಳು. "ನನ್ನ ಹೆಸರು ಹೇಳಲಿಲ್ಲವಾ?"

"ಇಲ್ಲ."

ಆಕೆ ಹಾರ ತೆಗೆದು ಗಂಡನ ಕೈಗಿಟ್ಟಳು, ಬಳೆಯನ್ನು ತಾನೇ ಇಳಿಸಿದಳು. "ನಡೀರಿ. ಮೊದಲು ಅವನ ಹೆಸರು ಹೊಡೆದುಹಾಕಿ ನನ್ನದು ಬರೀರಿ."

ಪಂಚರ ಎದುರು ಬಳೆಯನ್ನು ಜಪ್ತಿ ಮಾಡಿ, ಆಕೆಯನ್ನು ಬಂಧಿಸಲಾಯಿತು. ಮಾರ್ಚ್ 13ರಂದು ಜಾಮೀನು ಸಿಕ್ಕಿತು. ಅದೇ ದಿನ ಕಂಪನಿ ಹಾರೂನ್‌ನನ್ನು ಕೆಲಸದಲ್ಲೇ ಉಳಿಸಿಕೊಂಡಿತು.

ಮುಕ್ತಾಬೆನ್‌ಗೆ ಜಾಮೀನುದಾರನಾಗಿ ರುಜು ಹಾಕಲು ಬಂದವನನ್ನು ಕಂಡು ನಯನಾಬಾ ಪೆನ್ನು ಮುಂದೆ ಚಾಚಿದರು.

"ಮೊನ್ನೆ ನಿನ್ನ ಅನ್ನಕ್ಕೇ ಕಲ್ಲು ಹಾಕಿದ್ದಳಲ್ಲಯ್ಯಾ, ಹಾರೂನ್‌ಭಾಯಿ?"

"ಇಪ್ಪತ್ತೆರಡು ವರ್ಷದಿಂದ ಹಡಗಲ್ಲಿದ್ದೀನಿ, ಮೇಡಂ," ಎಂದು ಅವನು ರುಜು ಹಾಕಿದ. "ಬದುಕಿದವರು ದಡ ಮುಟ್ಟಿದ ಮೇಲೆ ತಿರುಗಿ ನೋಡಿದ್ದು ಇದೊಂದೇ ಸಲ."