ಕಡೆಯ ಬೆಂಚು

"ನೀನು ಏಳದಿದ್ದರೆ ನನಗೂ ಬೇಡ ಆ ರೊಟ್ಟಿ!" ಎಂದು ಎಸ್ತೇರ ಕತ್ತರಿಯನ್ನು ಬಟ್ಟೆಯ ರಾಶಿಯ ಮೇಲೆ ಎಸೆದಳು.

ಹೊಲಿಗೆ ಯಂತ್ರ ನಿಂತಿತು. ನಿರ್ಮಲಮ್ಮ ತಲೆ ಎತ್ತಲಿಲ್ಲ. ಸೂಜಿಯ ಕೆಳಗೆ ಮಗಳ ಬಿಳಿ ರವಿಕೆಯ ಒಂದು ತೋಳು ಅರ್ಧ ಹೊಲಿದು ಬಿದ್ದಿತ್ತು. ಬರುವ ಭಾನುವಾರ ಹೊನ್ನಾಳಿಯ ಆ ಪುಟ್ಟ ಹೆಂಚಿನ ಪ್ರಾರ್ಥನಾಲಯದಲ್ಲಿ ಎಸ್ತೇರ ಮೊದಲ ಸಲ ಪ್ರಭುಭೋಜನದ ರೊಟ್ಟಿಗಾಗಿ ಮುಂದೆ ಹೋಗಬೇಕಿತ್ತು. ಹದಿನೆಂಟು ತುಂಬಿತ್ತು, ಪಾಠಗಳು ಮುಗಿದಿದ್ದವು, ಬಿಷಪ್ಪರು ಬಂದು ತಲೆಯ ಮೇಲೆ ಕೈಯಿಟ್ಟು ಹೋಗಿದ್ದರು. ತಿಂಗಳಿಗೊಮ್ಮೆ ಶಿವಮೊಗ್ಗದ ಬಸ್ಸಿಳಿದು ಬರುವ ಪಾಸ್ಟರು ರೊಟ್ಟಿ ಮುರಿದು ಬಟ್ಟಲು ಎತ್ತಿದಾಗ ಅಲ್ಲಿರುವ ಮೂವತ್ತು ಜನರೂ ಎದ್ದು ಹೋಗಿ ಮೇಜಿನ ಮುಂದೆ ಮೊಣಕಾಲೂರುತ್ತಿದ್ದರು. ನಿರ್ಮಲಮ್ಮ ಮಾತ್ರ ಕಡೆಯ ಬೆಂಚಿನಲ್ಲಿ ಕೂತೇ ಇರುತ್ತಿದ್ದಳು. ಚಿಕ್ಕ ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಲು ಅಮ್ಮ ಹಿಂದೆ ಉಳಿಯುತ್ತಾಳೆ ಎಂದೇ ಎಸ್ತೇರ ಇಷ್ಟು ವರ್ಷ ತಿಳಿದಿದ್ದಳು. ನಿನ್ನೆ ತಾನೇ ಅವಳಿಗೆ ಆ ಪಾಠ ಹೇಳಿದ ಬಂಗಾರಮ್ಮ ಟೀಚರು ಬಾಯಿ ತಪ್ಪಿ ಆಡಿದ್ದರು: "ನಿಮ್ಮಮ್ಮ ಹನ್ನೊಂದು ವರ್ಷದಿಂದ ರೊಟ್ಟಿ ಮುಟ್ಟಿಲ್ಲ ಕಣೇ. ನಾವ್ಯಾರೂ ಕೇಳಾಕೆ ಹೋಗಿಲ್ಲ."

"ಹೇಳಮ್ಮ! ಏನು ಪಾಪ ಮಾಡಿದೀಯ ನೀನು? ಸಭೆಯವರೆಲ್ಲ ನಿನ್ನನ್ನೇ ತೋರಿಸಿ ಮಾತಾಡ್ತಾರೆ. ಸೈರಣೆ ಅಂದ್ರೆ ನಿರ್ಮಲಮ್ಮಂದು, ಗಂಡ ಹೋದ, ಮನೆ ಹೋಯ್ತು, ಆದ್ರೂ ಒಂದು ಕಹಿ ಮಾತಿಲ್ಲ ಅಂತಾರೆ. ಕೇಳಿ ಕೇಳಿ ನನಗೆ ಕಿವಿ ಉರೀತಾವೆ!"

"ಅದಕ್ಕೇ ಏಳೋದಿಲ್ಲ."

"ಯಾವುದಕ್ಕೆ?"

"ಅವರು ಹೇಳೋದು ಸುಳ್ಳು ಅಂತ ನನಗೊಬ್ಬಳಿಗೇ ಗೊತ್ತು, ಅದಕ್ಕೆ." ನಿರ್ಮಲಮ್ಮ ಕೊನೆಗೂ ಮುಖ ಎತ್ತಿದಳು. ಆ ಮುಖವನ್ನು ಎಸ್ತೇರ ಎಂದೂ ನೋಡಿರಲಿಲ್ಲ. ಹಲ್ಲು ಕಚ್ಚಿದ, ಕೆನ್ನೆಯ ನರ ಬಿಗಿದ ಮುಖ. "ನಿಮ್ಮಜ್ಜಿ ಸಾಯಲಿ ಅಂತ ದಿನಾ ಬೇಡ್ಕೊಂಡೀನಿ ಎಸ್ತೇರ. ಈ ಯಂತ್ರ ತುಳೀತಾ ತುಳೀತಾ, ಒಂದೊಂದು ತುಳಿತಕ್ಕೂ ಬೇಡ್ಕೊಂಡೀನಿ. ಒಬ್ಬರ ಮೇಲೆ ಹಂಗೆ ಹಗೆ ಇಟ್ಕೊಂಡೋರು ಆ ಮೇಜಿನ ಹತ್ರ ಹೋಗಬಾರದು, ಮೊದಲು ಅವರ ಮನೆಗೆ ಹೋಗಬೇಕು ಅಂತ ನಿಮ್ಮ ತಾತ ನನಗೆ ಕಲಿಸಿದ್ರು. ಬಾಯಲ್ಲಿ ಕ್ಷಮಿಸೀನಿ ಅಂದು ರೊಟ್ಟಿ ತಿನ್ನಾಕೆ ನನ್ನ ಕೈಲಾಗಲಿಲ್ಲ."

ಜಗಳೂರಿನ ಕಡೆ ಊರೂರು ನಡೆದು ಸುವಾರ್ತೆ ಹೇಳುತ್ತಿದ್ದ ಉಪದೇಶಿಯ ಮಗಳು ಅವಳು. ಅಲ್ಲಿಗೆ ಮೇಷ್ಟರಾಗಿ ಬಂದ ಗೋವಿನಕೋವಿಯ ಕೊಟ್ರಬಸಪ್ಪ ಉಪದೇಶಿಯ ಮಾತು ಕೇಳಿ ಮನಸ್ಸು ತಿರುಗಿಸಿಕೊಂಡು ಕ್ರೈಸ್ತನಾದ. ಕೊರಳಿನ ಲಿಂಗವನ್ನು ತೆಗೆದು ತಾಯಿಯ ಕೈಗೇ ಒಪ್ಪಿಸಿ ಬಂದ. ಆಮೇಲೆ ನಿರ್ಮಲಳನ್ನು ಮದುವೆಯಾದ. ತಾಯಿ ಶಂಕ್ರಮ್ಮ ಅಂದಿನಿಂದ ಮಗನ ಮುಖ ನೋಡಲಿಲ್ಲ. ಎಪ್ಪತ್ತೈದನೇ ಇಸವಿಯಲ್ಲಿ ಅವನು ಜ್ವರ ಬಂದು ಆಸ್ಪತ್ರೆ ಸೇರಿದ. ಕೊನೆಯ ದಿನ ಉಸಿರಾಟಕ್ಕೆಂದು ದಿಂಬುಗಳನ್ನು ಒಟ್ಟಿ ಅವನನ್ನು ಕೂರಿಸಿಯೇ ಇಟ್ಟಿದ್ದರು. "ಸಾಕಾಯ್ತು ನಿರ್ಮಲ... ಕೂತು ಕೂತು ಬೆನ್ನು ಮುರೀತು... ಒಂದಿಷ್ಟು ಮಲಗಿಸು" ಎಂದ. ಅದೇ ಕಡೆಯ ಮಾತು! ಅವಳು ಕಾಗದಪತ್ರಕ್ಕೆಂದು ಆಸ್ಪತ್ರೆಯ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದಾಗ ಅವನ ಅಣ್ಣ ಮಹೇಶ್ವರಪ್ಪ ಟ್ರ್ಯಾಕ್ಟರು ತಂದು ಹೆಣವನ್ನು ಊರಿಗೆ ಸಾಗಿಸಿಬಿಟ್ಟಿದ್ದ. ಏಳು ವರ್ಷದ ಎಸ್ತೇರಳನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸು ಬದಲಿಸಿ ಅವಳು ಗೋವಿನಕೋವಿ ಮುಟ್ಟುವ ಹೊತ್ತಿಗೆ, ತಮ್ಮ ಪದ್ಧತಿಯಂತೆ ಅವನ ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಹೊಲದ ಗುಣಿಯಲ್ಲಿ ಕೂರಿಸಿಯಾಗಿತ್ತು.

ಎಸ್ತೇರಳಿಗೆ ನೆನಪಿದ್ದದ್ದು ಎರಡೇ. ಗುಣಿಯೊಳಗೆ ಕುತ್ತಿಗೆವರೆಗೆ ಮಣ್ಣು ತುಂಬಿದ್ದ ಅಪ್ಪ ಕೂತೇ ಇದ್ದದ್ದು. ಮೂರು ಹಿಡಿ ಮಣ್ಣು ಹಾಕಬೇಕೆಂದು ಬಗ್ಗಿದ ಅಮ್ಮನ ಮುಷ್ಟಿಯನ್ನು ಅಜ್ಜಿ ಒಂದೊಂದೇ ಬೆರಳು ಬಿಡಿಸಿ ಖಾಲಿ ಮಾಡಿದ್ದು. "ಬದುಕಿದ್ದಾಗ ನಿನ್ನವನಾಗಿದ್ದ. ಈಗ ನನ್ನವನು. ನಮ್ಮ ಮಣ್ಣು ಮುಟ್ಟಬ್ಯಾಡ!"

"ನಾಳೆ ಗೋವಿನಕೋವಿಗೆ ಹೋಗಿ ಬರ್ತೀನಿ" ಎಂದಳು ನಿರ್ಮಲಮ್ಮ. "ಭಾನುವಾರ ನಿನ್ನ ಜೊತೆ ಏಳಬೇಕಲ್ಲ."

"ಏನಂತ ಹೋಗ್ತೀಯ? ಅವರು ಬರಬೇಕಮ್ಮ! ಈ ಹೊಸ್ತಿಲಿಗೆ ಬಂದು ಹಣೆ ಹಚ್ಚಬೇಕು! ತುಳಿಸಿಕೊಂಡೋರೇ ಹೋಗಿ ತಪ್ಪಾತು ಅನ್ನೋದು ಯಾವ ನ್ಯಾಯ? ಇದು ವಿಶ್ವಾಸ ಅಲ್ಲ, ಹೇಡಿತನ!"

"ಆಗಬಹುದು. ಆದ್ರೆ ಹನ್ನೊಂದು ವರ್ಷದಿಂದ ನಾನು ಹಸಿದೀನಿ ಮಗಾ."

ಮಾರನೆಯ ದಿನ ಎಸ್ತೇರ ಬಸ್ಸು ಹತ್ತಿದ್ದು ಅಮ್ಮನ ಮೇಲಿನ ಕೋಪದಿಂದಲೇ. ಒಬ್ಬಳನ್ನೇ ಬಿಟ್ಟರೆ ಈಕೆ ಆ ಮುದುಕಿಯ ಕಾಲಿಗೂ ಬಿದ್ದುಬಿಡುತ್ತಾಳೆ, ತಾನಾದರೂ ನಾಲ್ಕು ಮಾತು ಅಂದು ಬರಬೇಕು ಎಂದು ದಾರಿಯುದ್ದಕ್ಕೂ ಮಾತುಗಳನ್ನು ಮಸೆಯುತ್ತಾ ಬಂದಳು. ಶಂಕ್ರಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ. ತೋಳು ಮಾತ್ರ ಗಟ್ಟಿ. ಒಳಗಿನಿಂದ ಬಂದ ಮಹೇಶ್ವರಪ್ಪ ಇವರನ್ನು ಕಂಡು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿತ್ತಿಲ ಕಡೆ ಹೊರಟುಹೋದ.

"ಯಾರು?" ಎಂದಳು ಶಂಕ್ರಮ್ಮ, ಯಾರೆಂದು ಗೊತ್ತಿದ್ದೂ.

"ನಾನು ಅತ್ತೆ. ನಿರ್ಮಲ."

"ಓಹೋ! ಆಸ್ತಿ ಪಾಲು ಕೇಳಾಕೆ ಬಂದ್ರೋ? ವಕೀಲ ಎಲ್ಲಿ, ಬಸ್ಸಿಳಿದಿಲ್ವ ಇನ್ನೂ?" ಟಕ್ಕೆಂದು ಒಂದು ಏಟು. ಬೀಜ ಸಿಡಿದು ಅಂಗಳಕ್ಕೆ ಬಿತ್ತು.

"ಪಾಲು ಬ್ಯಾಡ ಅತ್ತೆ. ನೀವು ಸಾಯಲಿ ಅಂತ ಹನ್ನೊಂದು ವರ್ಷ ಬೇಡ್ಕೊಂಡೀನಿ. ಅದು ತಪ್ಪು. ನಿಮ್ಮ ಮುಂದೆ ಹೇಳಿ ಹೋಗಾಕೆ ಬಂದೀನಿ. ನನ್ನನ್ನ ಕ್ಷಮಿಸ್ರಿ."

ಕುಟ್ಟುವ ಕಲ್ಲು ಗಾಳಿಯಲ್ಲೇ ನಿಂತಿತು. ಮುದುಕಿ ಅದನ್ನು ಪಕ್ಕಕ್ಕೆ ಎಸೆದು ಕೂಗಿದಳು:

"ಮಾಡಿದ್ದೆಲ್ಲ ನಾನು! ನಿನ್ನ ಕೈ ಖಾಲಿ ಮಾಡಿಸಿದೋಳು ನಾನು! ಬೈಬೇಕು ನೀನು, ಮಣ್ಣು ತೂರಿ ಶಾಪ ಹಾಕಬೇಕು! ಅದು ಬಿಟ್ಟು ತಪ್ಪಾತು ಅಂತ ನಿಂತೀಯಲ್ಲ, ಎಂಥ ಹೊಂಚುಗಾತಿ ನೀನು! ಮೊದಲು ನನ್ನ ಮಗನ್ನ ಕಿತ್ಕೊಂಡೆ. ಈಗ ನನ್ನ ಸಿಟ್ಟನ್ನೂ ಕಿತ್ಕೊಳ್ಳಾಕೆ ಬಂದೀಯೇನು? ಅದೊಂದಾದ್ರೂ ಇರಲಿ ಬಿಡೇ ನನಗೆ... ಅದೊಂದಾದ್ರೂ..."

"ಸಾಕು ನಡೀ ಅಮ್ಮ!" ಎಸ್ತೇರ ಅಮ್ಮನ ತೋಳು ಜಗ್ಗಿದಳು. "ಕಿತ್ಕೊಂಡದ್ದು ನೀನಜ್ಜಿ! ಮಲಗಿಸು ಅಂತ ಬೇಡ್ಕೊಂಡು ಸತ್ತ ಅಪ್ಪನ್ನ ಹನ್ನೊಂದು ವರ್ಷದಿಂದ ಕೂರಿಸಿದೀಯಲ್ಲ, ಒಂದು ದಿನ ಆದ್ರೂ ನಿದ್ದೆ ಬಂದೈತಾ ನಿನಗೆ?"

ಶಂಕ್ರಮ್ಮ ಮೊದಲ ಸಲ ಹುಡುಗಿಯನ್ನು ನೋಡಿದಳು. ಮಗನದೇ ಹುಬ್ಬು, ಮಗನದೇ ಗದ್ದ.

"ಮಲಗಿಸು ಅಂದಿದ್ನಾ? ನನಗ್ಯಾರೂ ಹೇಳಲಿಲ್ಲ."

"ಹೇಳಾಕೆ ಬಿಟ್ಟೆಯಾ?"

ಮುದುಕಿ ಕಂಬ ಹಿಡಿದು ಎದ್ದು, ಯಾರನ್ನೂ ಕರೆಯದೆ, ಮನೆಯ ಹಿಂದಿನ ಹೊಲದ ಕಡೆ ನಡೆದಳು. ಅವರಿಬ್ಬರೂ ಹಿಂದೆ ಹೋದರು. ಬದುವಿನ ಪಕ್ಕ ಸುಣ್ಣ ಬಳಿದ ಸಣ್ಣ ಕಟ್ಟೆ. ಅದರ ಮೇಲೆ ಅಂದಿನ ಬೆಳಿಗ್ಗೆಯದೇ ಹೂವು.

"ಲಿಂಗ ತೆಗೆದು ನನ್ನ ಕೈಗೆ ಕೊಟ್ಟು ಹೋದ್ನಲ್ಲ, ಅವತ್ತಿಂದ ಅವನು ಸಾಯೋವರೆಗೆ ನನ್ನ ಲಿಂಗದ ಜೊತೆ ಅವನದ್ದನ್ನೂ ಪೂಜೆ ಮಾಡೀನಿ" ಎಂದಳು ಕಟ್ಟೆಗೆ ಮುಖ ಮಾಡಿಯೇ. "ಎರಡು ಸಲ ನೀರು, ಎರಡು ಸಲ ವಿಭೂತಿ. ಬಂದೇ ಬರ್ತಾನೆ, ಬಂದ ದಿನ ಕೊಡಬೇಕು ಅಂತ. ಬಂದ... ಟ್ರ್ಯಾಕ್ಟರಿನಾಗೆ ಬಂದ! ಇನ್ಯಾವಾಗ ಕೊಡಲಿ ನಾನು?" ನಿರ್ಮಲಮ್ಮನತ್ತ ತಿರುಗದೆಯೇ, "ಹಾಕು. ಮೂರು ಹಿಡಿ ಅಲ್ಲೇನು ನಿಮ್ಮದು? ಗೊತ್ತಿದ್ದೇ ಬ್ಯಾಡ ಅಂದಿದ್ದೆ ಅವತ್ತು" ಎಂದಳು.

ನಿರ್ಮಲಮ್ಮ ಬಗ್ಗಿದಳು. ಮೊದಲ ಹಿಡಿ ಬೆರಳುಗಳ ಸಂದಿನಿಂದ ಸೋರಿಹೋಯಿತು. ಎರಡನೆಯದು ಕಟ್ಟೆಯ ಮೇಲೆ ಬಿತ್ತು. ಮೂರನೆಯದನ್ನು ಹಾಕುವಾಗ ಹನ್ನೊಂದು ವರ್ಷ ಹೊರಬರದಿದ್ದ ಅಳು ಅವಳ ಬಾಯಿ ಒಡೆದು ಹೊರಬಂತು... ಶಂಕ್ರಮ್ಮ ಸಮಾಧಾನ ಹೇಳಲಿಲ್ಲ, ತೋಳು ಹಿಡಿಯಲಿಲ್ಲ. ಆದರೆ ಹೊರಟುಹೋಗಲೂ ಇಲ್ಲ.

"ತೆಗೆಸಿ ಮಲಗಿಸಬೇಕೇನು?" ಎಂದು ಕೇಳಿದಳು ಮುದುಕಿ, ಒರಟಾಗಿ.

"ಬ್ಯಾಡ್ರಿ ಅತ್ತೆ. ಕಡೇ ದಿನ ಸತ್ತೋರನ್ನ ಎಬ್ಬಿಸೋನಿಗೆ ಕೂತೋರಾದ್ರೇನು, ಮಲಗಿದೋರಾದ್ರೇನು?" ನಿರ್ಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇದು ನನಗೆ ಯಾವತ್ತೋ ಹೊಳೀಬೇಕಿತ್ತು. ಸಿಟ್ಟು ಬಿಡಲಿಲ್ಲ."

ಎಸ್ತೇರ ಮಣ್ಣು ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ದೂರ ನಿಂತಿದ್ದಳು. ಹೊರಡುವಾಗ ಮುದುಕಿ ಒಂದು ಮುದ್ದೆ ಹುಣಸೆಹಣ್ಣನ್ನು ಪೇಪರಿನಲ್ಲಿ ಸುತ್ತಿ ಜಗಲಿಯ ತುದಿಯಲ್ಲಿಟ್ಟು, "ತಗೊಂಡ್ರೆ ತಗಳ್ಳಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿರ್ಮಲಮ್ಮ ಅದನ್ನು ಎತ್ತಿಕೊಂಡಳು. ಒಂದು ಹುಣಸೆಯ ಮುದ್ದೆಗೆ, ಮೂರು ಹಿಡಿ ಮಣ್ಣಿಗೆ ಅಮ್ಮ ತನ್ನ ಹನ್ನೊಂದು ವರ್ಷವನ್ನು ಬಿಟ್ಟುಕೊಟ್ಟಳಲ್ಲ ಎಂದು ಎಸ್ತೇರ ಬಸ್ಸಿನಲ್ಲಿ ಅಮ್ಮನನ್ನು ಕೇಳಲು ತಿರುಗಿದಳು. ಪಕ್ಕದಲ್ಲಿ ಅಮ್ಮ ಕಿಟಕಿಗೆ ತಲೆಯಾನಿಸಿ, ಬಾಯಿ ತುಸು ತೆರೆದು, ಮಗುವಿನಂತೆ ನಿದ್ದೆ ಹೋಗಿದ್ದಳು!

ಭಾನುವಾರ ಬಿಳಿ ರವಿಕೆ ಸಿದ್ಧವಾಗಿತ್ತು. ಪಾಸ್ಟರು ರೊಟ್ಟಿ ಮುರಿದರು. ಜನ ಏಳತೊಡಗಿದರು. ನಿರ್ಮಲಮ್ಮ ಕಡೆಯ ಬೆಂಚಿನಿಂದ ಎದ್ದು, ಮಗಳಿಗಾಗಿ ಒಂದು ಗಳಿಗೆ ಕಾದಳು. ಎಸ್ತೇರ ಅಲುಗಲಿಲ್ಲ. ಬಂಗಾರಮ್ಮ ಟೀಚರು ತಿರುಗಿ ನೋಡಿ ಕಣ್ಸನ್ನೆ ಮಾಡಿದರು. ಆಗಲೂ ಅಲುಗಲಿಲ್ಲ. ಕೂತಲ್ಲೇ ಅವಳ ಕೈಗಳು ಮುಷ್ಟಿಯಾಗಿದ್ದವು; ಆ ಮುಷ್ಟಿಯ ಒಳಗೆ, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ ಆ ಮುದಿ ಕೈ ಇನ್ನೂ ಇತ್ತು. ಅದನ್ನು ಬಚ್ಚಿಟ್ಟುಕೊಂಡು ಮೊಣಕಾಲೂರುವುದಕ್ಕೆ ತನ್ನಿಂದಾಗದು ಎಂದು ಅವಳಿಗೆ ತಿಳಿದುಹೋಯಿತು. ಅಮ್ಮ ಒಬ್ಬಳೇ ಮುಂದೆ ನಡೆದಳು. ಅವಳು ಅಂಗೈ ಚಾಚಿದಾಗ ಪಾಸ್ಟರ ಕೈಯೇ ಒಂದಿಷ್ಟು ತಡೆಯಿತು. ಆಮೇಲೆ ರೊಟ್ಟಿಯ ಚೂರು ಆ ಅಂಗೈಗೆ ಬಿತ್ತು.

ನಿರ್ಮಲಮ್ಮ ಹಿಂದಿರುಗಿ ಬಂದು ಮುಂದಿನ ಬೆಂಚುಗಳನ್ನೆಲ್ಲ ದಾಟಿ, ಮತ್ತೆ ಅದೇ ಕಡೆಯ ಬೆಂಚಿನಲ್ಲಿ ಮಗಳ ಪಕ್ಕ ಕೂತಳು. ಮುಂದೆ ಹಾಡು ಶುರುವಾಯಿತು.

"ಗೋವಿನಕೋವಿಗೆ ಮಧ್ಯಾಹ್ನ ಬಸ್ಸು ಐತೇನಮ್ಮ?" ಎಸ್ತೇರ ಹಲ್ಲು ಬಿಗಿದುಕೊಂಡೇ ಕೇಳಿದಳು.

"ಒಂದಕ್ಕೊಂದು, ಎರಡೂವರೆಗೊಂದು ಐತೆ. ಯಾಕೆ?"

"ಮುದುಕಿ ಜೊತೆ ನಂದಿನ್ನೂ ಜಗಳ ಮುಗಿದಿಲ್ಲ."

"ಹೋಗು" ಎಂದಳು ನಿರ್ಮಲಮ್ಮ. "ಊಟದ ಹೊತ್ತಿಗೆ ಹೋಗಬ್ಯಾಡ, ಅವರು ಉಣ್ಣದೆ ಎದ್ದುಬಿಡ್ತಾರೆ. ಆಮೇಲೆ ಹೋಗು. ಎದುರಿಗೆ ಕೂತು ಜಗಳ ಆಡು."