ಉಡಿಗೆ ಬಿದ್ದ ತೊಗರಿ

ಸತ್ತ ಗಿಡವನ್ನು ನೋಡಿ ನಗುವ ಗಂಡಸನ್ನು ನೀಲಾಬಾಯಿ ಅದೇ ಮೊದಲು ನೋಡಿದ್ದು.

ರಾವೂರಿನ ತಮ್ಮ ಹೊಲದ ಮೂಲೆಯಲ್ಲಿ, ಚಪ್ಪಟೆ ಫರಸಿ ಕಲ್ಲು ನಿಲ್ಲಿಸಿದ ಬೇಲಿಯ ಆಚೆ, ಅವನು ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಬಾಡಿದ ತೊಗರಿ ಗಿಡವೊಂದನ್ನು ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಗೆರೆಯನ್ನು ಬೆರಳಿನಿಂದ ಸವರುತ್ತಿದ್ದ. ತುಟಿಯ ಮೇಲೆ ನಗುವಿತ್ತು.

“ನಮ್ಮ ತೊಗರಿ ಸತ್ತದ್ದು ನಿಮಗ ಅಷ್ಟು ಖುಷಿ ಏನ್ರಿ?”

ಅವನು ಬೆಚ್ಚಿ ಎದ್ದ. ಮೊಳಕಾಲಿನ ಮಣ್ಣು ಕೊಡವಲು ಹೋಗಿ ಅಂಗಿಗೂ ಹಚ್ಚಿಕೊಂಡ. “ಸಾಯ್ಲೇಬೇಕರಿ. ಸಾಯ್ಲಿ ಅಂತನ ಬಿತ್ತೀನಿ.”

ಹುಚ್ಚನೆಂದೇ ಅವಳು ತಿಳಿದಳು. ಮರುದಿನ ಕನಿಕರದಿಂದ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು.

ಸರ್ಕಾರದ ಜಿರಾಯತ್, ಅಂದರೆ ಬೇಸಾಯದ, ಖಾತೆಯವರು ಆ ಮೂಲೆಯನ್ನು ಅವಳ ಅಪ್ಪ ಗುರುಲಿಂಗಪ್ಪನಿಂದ ಗುತ್ತಿಗೆಗೆ ಹಿಡಿದಿದ್ದರು. ನೋಡಿಕೊಳ್ಳಲು ಬಂದವನು ಚಿಂಚೋಳಿಯ ಅಂಬರಾಯ. ಹೈದರಾಬಾದಿನಲ್ಲಿ ಓದಿದವನು, ನೌಕರಿ ಇನ್ನೂ ಕಾಯಂ ಆಗದವನು. ಗಿಡ ಬಾಡಿಸಿ ಕೊಲ್ಲುವ ನೆಟೆ ರೋಗ ಎಲ್ಲಕ್ಕಿಂತ ಹೆಚ್ಚಾಗಿರುವ ನೆಲವನ್ನೇ ಹುಡುಕಿ ಆರಿಸಿದ್ದ. ಊರವರು ರೋಗದ ಗಿಡ ಕಿತ್ತು ಸುಟ್ಟರೆ, ಅವನು ಅವನ್ನು ಬೇಡಿ ತಂದು ಅದೇ ಮಣ್ಣಿನಲ್ಲಿ ಹೂಳುತ್ತಿದ್ದ. ಊರೂರಿನ ತೊಗರಿಯನ್ನು ಅಲ್ಲಿ ಬಿತ್ತಿ, ಸಾಯುವುದನ್ನು ಕಾಯುತ್ತಿದ್ದ. ಊರು ಅವನಿಗೆ ‘ತೊಗರಿ ಸಾಹೇಬ’ ಎಂದು ಹೆಸರಿಟ್ಟಿತು.

“ಎಲ್ಲಾ ಸತ್ತ ಮ್ಯಾಲ ಒಂದು ಗಿಡ ನಿಂತಿರ್ತದಲ್ಲರಿ, ಅದರ ಸಲುವಾಗಿ,” ಎಂದ ಅವನು ಮಜ್ಜಿಗೆ ಕುಡಿದು.

“ಒಂದೂ ನಿಲ್ಲಲಿಲ್ಲಂದ್ರ?”

“ಮುಂದಿನ ವರ್ಷ ಮತ್ತ ಬಿತ್ತೋದು.”

“ನಿಮ್ಮ ಮನ್ಯಾಗ ಯಾರೂ ಬೈಯಂಗಿಲ್ಲೇನು?”

“ಬೈಯೋರು ಇದ್ದಿದ್ರ ಇಲ್ಲಿಗ್ಯಾಕ ಬರ್ತಿದ್ದೆ?” ಎಂದು ತಂಬಿಗೆ ಚಾಚಿದ. ಅವಳು ತಂಬಿಗೆಯನ್ನು ನೋಡಿದಳು, ಅವನನ್ನು ನೋಡಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಎರಡು ಸಲ ಹಿಂತಿರುಗಿ ನೋಡಿದಳು.

ಮೊದಲ ವರ್ಷ ಒಂದೂ ಉಳಿಯಲಿಲ್ಲ. ಎರಡನೆಯ ವರ್ಷವೂ ಇಲ್ಲ. ಮೂರನೆಯ ವರ್ಷ, ಸುತ್ತಲ ಗಿಡಗಳೆಲ್ಲ ಒಣಗಿ ಕಡ್ಡಿಯಾದ ಮೇಲೆ, ನಾಲ್ಕು ಗಿಡ ಹಸಿರಾಗಿ ನಿಂತು ಹೂ ಬಿಟ್ಟವು. ಅಂಬರಾಯ ಅಂದು ನಗಲಿಲ್ಲ. ಜ್ವರ ಬಂದ ಮಗುವಿನ ಹತ್ತಿರ ಕುಳಿತಂತೆ ಅವುಗಳ ಹತ್ತಿರ ಕುಳಿತಿದ್ದ.

“ಜೇನ್ನೊಣ ಬ್ಯಾರೆ ಹೊಲದ ಹೂವಿನ ಪುಡಿ ತಂದು ಇವಕ್ಕ ಬೆರಸ್ತಾವರಿ. ಬೆರೀತಂದ್ರ ಮುಂದ ಹುಟ್ಟೋ ಗಿಡಕ್ಕ ಈ ಗಟ್ಟಿತನ ಇರ್ತದೋ ಇಲ್ಲೋ. ಟೊಂಗಿಗೆ ತೆಳ್ಳನ ಚೀಲ ಕಟ್ಟಬೇಕು. ಖಾತೆಗೆ ಉರ್ದುವಿನಾಗ ಬರದು ಬರದು ಸಾಕಾತು, ಬಟ್ಟಿ ಬರಲಿಲ್ಲ.”

ನೀಲಾಬಾಯಿ ತೀರಿಹೋದ ಅಜ್ಜನ ಮಲಮಲ್ ಧೋತರ ಹರಿದು ಚೀಲ ಹೊಲಿದಳು. ಇಬ್ಬರೂ ಸೇರಿ ಕಟ್ಟಿದರು. ಒಂದೊಂದು ಟೊಂಗೆಯೂ ಸೆರಗು ಹೊದ್ದಂತೆ ಕಂಡಿತು. ದಾರ ಬಿಗಿಯುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಗಂಟಿನ ಮೇಲೆ ಕಣ್ಣಿಟ್ಟೇ ಇದ್ದರು. ಗಂಟು ಮುಗಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಇದು ಗೆದ್ದರ ನಿಮ್ಮ ಹೆಸರು ಪೇಪರಿನಾಗ ಬರ್ತದೇನು?”

“ಬಂದ್ರ ನಮ್ಮ ಖಾತೆ ಸಾಹೇಬರ ಹೆಸರು ಬರ್ತದ.” ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ. “ಹೈದರಾಬಾದದಾಗ ನಕ್ಷತ್ರ ನೋಡೋ ಮನಿ ಅದ. ನನ್ನ ಗೆಳೆಯ ಅಲ್ಲಿ ಆಕಾಶದ ಫೋಟೋ ಹಿಡದ ಗಾಜಿನ ಮ್ಯಾಲಿನ ಚುಕ್ಕಿ ಅಳೀತಾನ. ಅವನ ಮುಂಚೆ ಇನ್ನೊಬ್ಬ ಅಳೀತಿದ್ದ, ಮುಂದ ಮತ್ತೊಬ್ಬ ಅಳೀತಾನ. ಆಕಾಶ ಮುಗ್ಯಂಗಿಲ್ಲ. ಸಿಕಂದರಾಬಾದದಾಗ ಒಬ್ಬ ಡಾಕ್ಟರು ಮಲೇರಿಯಾ ಸೊಳ್ಳಿಯಿಂದ ಬರ್ತದಂತ ಕಂಡು ಹಿಡದ್ರಲ್ಲ, ಅವರು ಮಂದಿಗೆ ಕಡಿಸಿದ ಸೊಳ್ಳಿ ಸೀಳಿ ಸೀಳಿ ಕಣ್ಣು ಕಳಕೊಳ್ಳೋಹಂಗ ಆಗಿತ್ತಂತ.”

“ಸೊಳ್ಳಿ ಕಡಿಸಿಕೊಳ್ಳಲಿಕ್ಕ ಯಾರು ಮಲಗಿದ್ರು?”

“ಒಬ್ಬ ಜ್ವರದ ರೋಗಿ ಇದ್ದ. ಹೆಸರು ಗೊತ್ತಿಲ್ಲರಿ.”

“ನಿಮ್ಮ ಗೆಳೆಯಗ ಚಾ ಮಾಡಿ ಕೊಡೋರು? ಅವರ ಹೆಸರು?”

“ಅದೂ ಗೊತ್ತಿಲ್ಲ.” ಈಗ ಅವನು ನಕ್ಕ. “ಈ ಚೀಲ ಹೊಲದವರ ಹೆಸರು ಗೊತ್ತದ.”

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಏಳಲು ಹೋದಳು.

“ನೀಲಾಬಾಯಿ, ಕುಂದ್ರಿ. ಸಾಹೇಬರು ಹೇಳ್ಯಾರ, ಈ ಸಲ ಬೀಜ ತೋರಿಸಲಿಲ್ಲಂದ್ರ ಮೂಲಿ ಮುಚ್ತಾರ, ನನ್ನ ನೌಕರೀನೂ ಮುಗೀತದ. ತೋರಿಸಿದ್ರ ಕಾಯಂ ಮಾಡ್ತಾರ. ಮಾಡಿದ ದಿನ ನಿಮ್ಮ ಅಪ್ಪಾರ ಹತ್ರ ಬರ್ತೀನಿ.”

“ಅಪ್ಪಗ ತೊಗರಿ ಮಾರಲಿಕ್ಕೇನು?”

“ಅಲ್ಲ,” ಎಂದ ಅವನು. ಮುಂದಿನದನ್ನು ಹೇಳಬೇಕಾಗಿರಲಿಲ್ಲ.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಚೀಲದೊಳಗಿನ ಕಾಯಿಗಳು ಹೊಟ್ಟೆ ತುಂಬಿಕೊಂಡು, ಕಾಳಿಗೆ ಬಣ್ಣ ಏರತೊಡಗಿತ್ತು. ಚೀಲದ ಹೊರಗಿನ ಕಾಯನ್ನೆಲ್ಲ ಗಿಳಿ ತಿಂದು ಮುಗಿಸಿದ್ದವು. ಅಂದು ಸಾಹೇಬರು ರೈಲಿಗೆ ಬರುವವರಿದ್ದರು. ಅವರನ್ನು ಕರೆತರಲು ಅಂಬರಾಯ ನಸುಕಿನಲ್ಲೇ ವಾಡಿ ಸ್ಟೇಷನ್ನಿಗೆ ಹೋಗಿದ್ದ.

ಅಂದೇ ಸೇಡಂನಿಂದ ಅಮೃತಮ್ಮ ತನ್ನ ಮಗನನ್ನೂ ಮಂದಿಯನ್ನೂ ಕಟ್ಟಿಕೊಂಡು ಹೊಲದ ಊಟಕ್ಕೆ ಬಂದಳು. ಊಟ ನೆಪ, ಹುಡುಗಿಯನ್ನು ನೋಡಬೇಕಾಗಿತ್ತು. ಹುಡುಗ ಒಳ್ಳೆಯವನಂತೆಯೇ ಕಂಡ. ಎತ್ತಿಗೆ ನೀರು ಕುಡಿಸಿದ ಮೇಲೆ ತಾನು ಕುಡಿದ.

ಗುರುಲಿಂಗಪ್ಪ ಮಗಳನ್ನು ಬನ್ನಿ ಗಿಡದ ಹಿಂದೆ ಕರೆದು ಹೇಳಿದ: “ಅವ್ವಾ, ಅವರು ಉಡಿ ತುಂಬ್ತೀನಂದ್ರ ನಿನಗ ಒಪ್ಪಿಗಿ ಇದ್ರ ಸೆರಗು ಒಡ್ಡು. ಇಲ್ಲಂದ್ರ ಒಡ್ಡಬ್ಯಾಡ. ಮುಂದಿಂದು ನಾ ನಿಭಾಯಿಸ್ತೀನಿ. ಒಡ್ಡಿದ ಮ್ಯಾಲ ಮಾತ್ರ ಅದು ಕೊಟ್ಟ ಮಾತು.”

“ಆತಪ್ಪ,” ಎಂದಳು. ಒಡ್ಡುವುದಿಲ್ಲವೆಂದು ಆಗಲೇ ತೀರ್ಮಾನಿಸಿದ್ದಳು. ಎದೆ ಹಗುರಾಯಿತು. ಅಪ್ಪ ಗಂಡಸರೊಂದಿಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲದ ಆ ತುದಿಗೆ ಹೋದ.

ಅವಳು ಒಲೆಯ ಹತ್ತಿರ ಬಂದಾಗ ಗಡಿಗೆಯಲ್ಲಿ ಉಪ್ಪುನೀರು ಕುದಿಯುತ್ತಿತ್ತು, ತೊಗರಿಕಾಯಿ ಬೇಯುತ್ತಿತ್ತು. ಪಕ್ಕದಲ್ಲಿ ಬೇರು ಸಮೇತ ಕಿತ್ತ ನಾಲ್ಕು ಗಿಡ ಬಿದ್ದಿದ್ದವು. ಬಿಳಿ ಚೀಲಗಳು ನೆಲದ ಮೇಲೆ ಹರಡಿದ್ದವು.

“ಹೊಲಾ ಎಲ್ಲಾ ತಿರುಗಿದ್ರೂ ಇಂಥ ಕಾಯಿ ಇಲ್ಲ,” ಎಂದು ಸೋದರತ್ತೆ ಭಾಗಮ್ಮ ಬೀಗರಿಗೆ ಹೇಳುತ್ತಿದ್ದಳು. ತಾಯಿಯಿಲ್ಲದ ನೀಲಾಳನ್ನು ಸಾಕಿದವಳು ಅವಳೇ. “ನೀವು ಬರ್ತೀರಂತ ನಮ್ಮ ಹುಡುಗಿ ಗಿಳಿಗೆ ಸಿಗದಂಗ ಚೀಲ ಹೊಲಿದು ಮುಚ್ಚಿಟ್ಟಾಳರಿ. ಬಾಯಿಬಿಟ್ಟು ಹೇಳೂ ಇಲ್ಲ.”

ಹೆಂಗಸರು ನಕ್ಕರು. “ಈಗಿಂದ ಇಷ್ಟು ಕಾಳಜಿ ಅದ,” ಎಂದು ಒಬ್ಬಳು ಕಣ್ಣು ಹೊಡೆದಳು. ಹಣ್ಣಿಗೆ ಬಟ್ಟೆ ಕಟ್ಟಿ ಗಿಳಿಯಿಂದ ಕಾಯುವುದು ಎಲ್ಲರಿಗೂ ಗೊತ್ತಿದ್ದ ಕೆಲಸ. ಭಾಗಮ್ಮ ಸುಳ್ಳು ಹೇಳುತ್ತಿರಲಿಲ್ಲ.

“ಅತ್ತಿ, ಅವು ಸರ್ಕಾರಿ ಬೀಜ.”

“ಸರ್ಕಾರದ್ದೆಲ್ಲಾ ಒಣಗಿ ನಿಂತದಲ್ಲ ಅಲ್ಲಿ. ಅಜ್ಜನ ಧೋತರ ಹರಿದು ಸರ್ಕಾರಕ್ಕ ಯಾರು ಚೀಲ ಹೊಲೀತಾರ, ಹುಚ್ಚಿ?”

ಎಲ್ಲರ ಕಣ್ಣೂ ಅವಳ ಮೇಲಿದ್ದವು. ಯಾರಿಗೆ ಹೊಲಿದೆ ಎಂದು ಹೇಳಿದರೆ ಅಪ್ಪನ ಮಾನ ಹೋಗುತ್ತಿತ್ತು, ಅಂಬರಾಯನಿಗೆ ಈ ಊರಿನಲ್ಲಿ ಕಾಲಿಡಲು ನೆಲ ಇರುತ್ತಿರಲಿಲ್ಲ. ಅವಳು ಬಗ್ಗಿ ನೆಲದ ಮೇಲಿನ ಚೀಲವೊಂದನ್ನು ಎತ್ತಿಕೊಂಡಳು.

ಮೊರದಲ್ಲಿ ಇನ್ನೊಂದಿಷ್ಟು ಹಸಿಕಾಯಿ ಉಳಿದಿತ್ತು. ಭಾಗಮ್ಮ ಮೊರವನ್ನು ಗಡಿಗೆಯ ಕಡೆ ಎತ್ತಿದಳು. ಅಮೃತಮ್ಮ ಅವಳ ಕೈ ತಡೆದಳು.

“ತಡಿರಿ ಭಾಗಮ್ಮ. ಹುಡುಗಿ ನಮಗಂತ ಕಾದು ಇಟ್ಟದ್ದು. ಕೊಬ್ಬರಿ, ಕುಪ್ಪಸದ ಖಣ ತಂದೀನಿ. ಹೊಲದಾಗ ಅಕ್ಕಿ ಎಲ್ಲಿಂದ ತರ್ಲಿ? ಇದನ್ನ ಉಡಿಗೆ ಹಾಕ್ತೀನಿ.” ಎರಡೂ ಬೊಗಸೆಯಲ್ಲಿ ಕಾಯಿ ತುಂಬಿಕೊಂಡು ಅವಳು ನೀಲಾಬಾಯಿಯತ್ತ ತಿರುಗಿದಳು. ಕಣ್ಣಲ್ಲಿ ಚೇಷ್ಟೆಯಿತ್ತು. “ಹೇಳವ್ವಾ. ಉಡಿಗೆ ಹಾಕಲೋ, ಗಡಗಿಗೆ ಹಾಕಲೋ?”

ಬೊಗಸೆಯ ಕೆಳಗೆ ಆವಿ ಏಳುತ್ತಿತ್ತು.

ನೀಲಾಬಾಯಿ ಆ ಕಾಯಿಗಳನ್ನು ನೋಡಿದಳು. ಮೂರು ವರ್ಷ ಸತ್ತ ಗಿಡಗಳೆಲ್ಲ ಇಷ್ಟಕ್ಕಾಗಿಯೇ ಸತ್ತಿದ್ದವು. ಮುಂದೆ ಯಾವುದೋ ಊರಿನ ಯಾರದೋ ಹೊಲ ಒಣಗದೆ ನಿಂತರೆ ಇಷ್ಟರಿಂದಲೇ ನಿಲ್ಲಬೇಕು. ಉಡಿ ಒಡ್ಡದಿದ್ದರೆ ಅಂಬರಾಯ ಬರಿಗೈಯಲ್ಲಿ ಚಿಂಚೋಳಿಗೆ ಹೋಗುತ್ತಾನೆ. ಒಡ್ಡಿದರೆ ಅವನು ಉಳಿಯುತ್ತಾನೆ, ಅವಳಿಗಲ್ಲ.

ಅವಳು ಮಂಡಿಯೂರಿ ಸೆರಗು ಒಡ್ಡಿದಳು.

ಕಾಯಿ, ಕೊಬ್ಬರಿ, ಖಣ, ಅರಿಷಿಣ ಕೊಂಬು ಒಂದರ ಮೇಲೊಂದು ಬಿದ್ದವು. ಭಾಗಮ್ಮ ಕಣ್ಣೊರೆಸಿಕೊಂಡಳು.

ಇಳಿಹೊತ್ತಿಗೆ ಅಂಬರಾಯ ಒಬ್ಬನೇ ಬಂದ. ಸಾಹೇಬರು ರೈಲಿನಿಂದ ಇಳಿದಿರಲಿಲ್ಲ, ಮುಂದಿನ ವಾರ ಬರುವರಂತೆ. ಮೂಲೆಯಲ್ಲಿ ನಾಲ್ಕು ಕುಳಿಗಳ ಮುಂದೆ ಅವನು ನಿಂತಿದ್ದ. ನೀಲಾಬಾಯಿ ಬೇಲಿಯ ಹತ್ತಿರ ಹೋದಳು.

“ಗಿಳಿಗಂತ ಕಟ್ಟಿದ ಚೀಲ ಅಂದ್ಕೊಂಡ್ರು. ಬೀಗರಿಗೆ ಕುದಿಸಿ ಕೊಟ್ರು,” ಎಂದು ಉಡಿ ಬಿಚ್ಚಿ ತೋರಿಸಿದಳು. “ಇಷ್ಟು ಉಳದಾವ. ಬಲಿತಾವ. ನೆರಳಾಗ ಒಣಗಿಸಿದ್ರ ಹುಟ್ತಾವಲ್ಲರಿ?”

ಅವನು ಒಂದು ಕಾಯಿ ಸುಲಿದ. ಕಾಳನ್ನು ಉಗುರಿನಿಂದ ಒತ್ತಿ ನೋಡಿದ. “ಹುಟ್ತಾವ. ಎಲ್ಲಾ ಅಲ್ಲ, ಆದ್ರ ಹುಟ್ತಾವ.” ಅವನ ಮುಖ ಬೆಳಗಿತು. ಇನ್ನೊಂದಕ್ಕೆ ಕೈ ಹಾಕಿದಾಗ ಬೆರಳಿಗೆ ಅರಿಷಿಣ ಕೊಂಬು ಸಿಕ್ಕಿತು. ಅದರ ಕೆಳಗಿನ ಹೊಸ ಖಣವನ್ನು ಕಂಡ. ಅವಳ ಹಣೆಯ ಕುಂಕುಮ ಕಂಡ. ಬೆಳಕು ಹೋಯಿತು.

“ಬ್ಯಾಡ,” ಎಂದ. “ಬ್ಯಾಡ ನೀಲಾಬಾಯಿ. ಇದನ್ನ ಅವರಿಗೆ ತಿರುಗಿ ಕೊಡ್ರಿ. ನಾ ಮತ್ತ ಬಿತ್ತೀನಿ.”

“ಎಲ್ಲಿ ಬಿತ್ತೀರಿ? ಮೂಲಿ ಮುಚ್ತಾರ.”

“ಬ್ಯಾರೆ ಏನಾರ ಮಾಡ್ತೀನಿ.”

“ನೀವು ಬ್ಯಾರೆ ಏನೂ ಮಾಡಂಗಿಲ್ಲ. ಸತ್ತ ಗಿಡ ನೋಡಿ ನಗ್ತಿದ್ರಿ, ಅದನ್ನ ನೋಡೇ ನಾ...” ಉಡಿಯನ್ನು ಅವನತ್ತ ಚಾಚಿದಳು. “ಜಲ್ದಿ ಹಿಡೀರಿ. ಅತ್ತಿ ಕರೀತಾಳ.”

ಅಂಬರಾಯ ಹೆಗಲ ಮೇಲಿನ ಶಲ್ಯ ತೆಗೆದ. ಮಂಡಿಯೂರಿ, ಹೆಂಗಸರು ಉಡಿ ಒಡ್ಡುವಂತೆಯೇ ಎರಡೂ ಕೈಯಲ್ಲಿ ಅದರ ಅಂಚು ಹಿಡಿದು ಒಡ್ಡಿದ. ಗಂಡಸರಿಗೆ ಯಾರೂ ಉಡಿ ತುಂಬುವುದಿಲ್ಲ. ಅವಳು ತುಂಬಿದಳು. ಕಾಯಿ ಎಲ್ಲವನ್ನೂ ಸುರಿದು, ಕೊಬ್ಬರಿ, ಕೊಂಬು, ಖಣಗಳನ್ನು ಮಾತ್ರ ಉಳಿಸಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಿಲ್ಲ.

ಮರಳಿ ಹೋದಾಗ ಹೆಂಗಸರು ವೃತ್ತವಾಗಿ ಕುಳಿತು ಕುದಿಸಿದ ಕಾಯಿ ಸುಲಿಯುತ್ತಿದ್ದರು. ಅಮೃತಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಬಿಸಿ ಕಾಳುಗಳನ್ನು ಸುಲಿದು, ಊದಿ ಆರಿಸಿ, ನೀಲಾಬಾಯಿಯ ಅಂಗೈಯಲ್ಲಿಟ್ಟಳು.

“ನೀನೇ ಕಾದು ಉಳಿಸಿದ್ದು, ನೀನೇ ತಿಂದಿಲ್ಲ. ತಿನ್ನವ್ವಾ.”

ಅವಳು ಬಾಯಿಗೆ ಹಾಕಿಕೊಂಡಳು.

“ಹೆಂಗದ?”

ಬೇಲಿಯ ಆಚೆ ಒಬ್ಬ ಮನುಷ್ಯ ಎದೆಗೆ ಗಂಟನ್ನು ಅವುಚಿಕೊಂಡು ವಾಡಿಯ ದಾರಿ ಹಿಡಿದಿದ್ದ. ಅವನು ಚಿಕ್ಕವನಾಗುವವರೆಗೂ ಅವಳು ಅಗಿಯುತ್ತಲೇ ಇದ್ದಳು.

“ಸೀ ಅದಾವರಿ, ಅತ್ತಿ,” ಎಂದು ಅಮೃತಮ್ಮನತ್ತ ತಿರುಗಿದಳು. “ಭಾಳ ಸೀ ಅದಾವ.”